ಸಕ್ಕರೆ ಏಕೆ ಸಾರ್? – ಡಾ. ಶಂಭುನಾಥ ಡೇ ಅವರನ್ನು ನೆನೆದು



ಕಳೆದ ವಾರ ಮೊಮ್ಮಗನಿಗೆ ಹೊಟ್ಟೆ ಕೆಟ್ಟಿತ್ತು. ಮಗಳು ಓಆರ್‌ಎಸ್ ಪೊಟ್ಟಣವನ್ನು ನೀರಿನಲ್ಲಿ ಕರಗಿಸಿ ಚಮಚದಿಂದ ಕುಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನನಗೆ 1986ರ ಒಂಬತ್ತನೆಯ ತರಗತಿ ನೆನಪಾಯಿತು. ಅಂದು ನಾನು ಸಾಂಕ್ರಾಮಿಕ ರೋಗಗಳ ಪಾಠ ಮಾಡುತ್ತಿದ್ದೆ. ವಾಂತಿ-ಭೇದಿಯಾದಾಗ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಕೊಡಬೇಕೆಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಉಪ್ಪು ಸರಿ, ಸಕ್ಕರೆ ಏಕೆ ಸಾರ್?" ಎಂದು ಕೇಳಿದ. "ಶಕ್ತಿ ಬರಲೆಂದು" ಎಂದು ಉತ್ತರಿಸಿ ಮುಂದಿನ ಪುಟ ತಿರುವಿದೆ. ಆ ಉತ್ತರ ತಪ್ಪು. ಅದು ತಪ್ಪೆಂದು ನನಗೆ ತಿಳಿಯಲು ಹಲವು ವರ್ಷಗಳೇ ಬೇಕಾದವು. ಇಂದು ಆ ಸಾಲವನ್ನು ತೀರಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ನಮ್ಮ ಬಂಧುಗಳಲ್ಲಿ ಹಿರಿಯರಿಗೆ ಅದು ಗೊತ್ತು, ಕಿರಿಯರಿಗೆ ಗೊತ್ತಿಲ್ಲ. 1966ರ ಬೇಸಿಗೆಯಲ್ಲಿ, ನಾನು ಎಂಟು ವರ್ಷದವನಾಗಿದ್ದಾಗ, ನಾಲ್ಕು ವರ್ಷದ ನನ್ನ ತಂಗಿ ವಾಂತಿ-ಭೇದಿಯಿಂದ ತೀರಿಕೊಂಡಳು. ಜಾತ್ರೆ ಮುಗಿದ ಮೂರನೆಯ ದಿನ ಅದು ಶುರುವಾಯಿತು. ಆಸ್ಪತ್ರೆ ಎಂಟು ಮೈಲಿ ದೂರ. ಗಾಡಿ ಕಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದು ಕಾಲರಾವೋ ಬೇರೆಯೋ ಎಂದು ಪರೀಕ್ಷಿಸಿ ನೋಡುವವರು ಯಾರೂ ಇರಲಿಲ್ಲ. ನನಗೆ ನೆನಪಿರುವುದು ಇಷ್ಟು: ಅವಳು "ನೀರು, ನೀರು" ಎನ್ನುತ್ತಿದ್ದಳು. "ನೀರು ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತದೆ, ಕೊಡಬೇಡಿ" ಎಂದು ಅಜ್ಜಿ ತಡೆಯುತ್ತಿದ್ದರು. ಅಮ್ಮ ಒದ್ದೆ ಬಟ್ಟೆಯಿಂದ ಅವಳ ತುಟಿಗಳನ್ನು ಒರೆಸುತ್ತಿದ್ದರು. ಅಜ್ಜಿಯ ಮೇಲೆ ನನಗೆ ಕೋಪವಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರೂ ಕಾಲರಾ ರೋಗಿಯ ರಕ್ತ ತೆಗೆಯುತ್ತಿದ್ದರು, ಭೇದಿ ಔಷಧ ಕೊಡುತ್ತಿದ್ದರು.

ಈಗ ಕಥೆಗೆ ಬರೋಣ. ಕಾಲರಾ ಎಂದೊಡನೆ ನಾನು ತರಗತಿಯಲ್ಲಿ ಎರಡು ಹೆಸರುಗಳನ್ನು ಹೇಳುತ್ತಿದ್ದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನ ಪಂಪಿನ ನೀರೇ ರೋಗದ ಮೂಲವೆಂದು ತೋರಿಸಿದ ಜಾನ್ ಸ್ನೋ. 1884ರಲ್ಲಿ ಕಲ್ಕತ್ತೆಯಲ್ಲಿ ಅಲ್ಪವಿರಾಮದ ಆಕಾರದ ರೋಗಾಣುವನ್ನು ಗುರುತಿಸಿದ ರಾಬರ್ಟ್ ಕಾಕ್. ಮೂರನೆಯ ಹೆಸರೊಂದಿತ್ತು. ಅದು ಪಠ್ಯಪುಸ್ತಕದಲ್ಲಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅದೇ ಡಾ. ಶಂಭುನಾಥ ಡೇ.

ಡೇ ಅವರು ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಗ್ರಾಮದಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ 1939ರಲ್ಲಿ ವೈದ್ಯ ಪದವಿ ಪಡೆದರು. 1947ರಲ್ಲಿ ಲಂಡನ್ನಿಗೆ ತೆರಳಿ, ಪ್ರಸಿದ್ಧ ರೋಗಶಾಸ್ತ್ರಜ್ಞ ರಾಯ್ ಕ್ಯಾಮರಾನ್ ಅವರ ಬಳಿ ಸಂಶೋಧನೆ ಮಾಡಿ, 1949ರಲ್ಲಿ ಪಿಎಚ್‌.ಡಿ. ಪಡೆದು ಮರಳಿದರು. ಕಲ್ಕತ್ತೆಯಲ್ಲಿ ಅವರ ಕಣ್ಣೆದುರಿಗಿದ್ದದ್ದು ವರ್ಷವರ್ಷವೂ ಬರುವ ಕಾಲರಾ. ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಆ ಕೆಲಸಕ್ಕೆ ತೊಡಗಿದ ಅವರು, 1955ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ವಿಭಾಗ ಮುಖ್ಯಸ್ಥರಾಗಿ, 1973ರಲ್ಲಿ ಅಲ್ಲಿಯೇ ನಿವೃತ್ತರಾದರು.

ಕಾಕ್ ರೋಗಾಣುವನ್ನು ಕಂಡುಹಿಡಿದು ಸುಮಾರು ಎಪ್ಪತ್ತು ವರ್ಷ ಕಳೆದಿದ್ದರೂ, ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದು ಬಗೆಹರಿದಿರಲಿಲ್ಲ. ಅದು ಒಂದು ವಿಷವನ್ನು ಹೊರಬಿಡುತ್ತಿರಬೇಕೆಂದು ಕಾಕ್ ಊಹಿಸಿದ್ದರು. ಆದರೆ ಪ್ರಯೋಗಗಳಲ್ಲಿ ಆ ವಿಷ ಸಿಗಲಿಲ್ಲ. ವಿಜ್ಞಾನಿಗಳು ರೋಗಾಣುಗಳನ್ನು ಪ್ರಾಣಿಗಳ ರಕ್ತನಾಳಕ್ಕೋ ಹೊಟ್ಟೆಯ ಕುಹರಕ್ಕೋ ಚುಚ್ಚುತ್ತಿದ್ದರು. ಪ್ರಾಣಿ ಸಾಯುತ್ತಿತ್ತು, ಆದರೆ ಕಾಲರಾ ಬಂದಂತೆ ಸಾಯುತ್ತಿರಲಿಲ್ಲ.

ಡೇ ಅವರು ಕೇಳಿಕೊಂಡ ಪ್ರಶ್ನೆ ಬಹಳ ಸರಳ. ಮನುಷ್ಯನಲ್ಲಿ ಈ ರೋಗಾಣು ಇರುವುದು ಎಲ್ಲಿ? ಕರುಳಿನ ಒಳಗೆ. ಹಾಗಾದರೆ ಅದನ್ನು ಇಡಬೇಕಾದದ್ದೂ ಅಲ್ಲಿಯೇ. ಮೊಲಕ್ಕೆ ಅರಿವಳಿಕೆ ಕೊಟ್ಟು, ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ತುದಿಗಳಲ್ಲಿ ದಾರದಿಂದ ಕಟ್ಟಿ, ಆ ಚೀಲದಂಥ ಭಾಗದೊಳಕ್ಕೆ ಕಾಲರಾ ರೋಗಾಣುಗಳನ್ನು ಸೇರಿಸಿದರು. ಮರುದಿನ ತೆರೆದು ನೋಡಿದಾಗ, ಆ ಭಾಗ ನೀರು ತುಂಬಿ ಬಿಗಿದುಕೊಂಡಿತ್ತು. ಕಾಲರಾ ರೋಗಿಯ ಗಂಜಿ ತಿಳಿಯಂಥ ಭೇದಿಯನ್ನೇ ಅದು ಹೋಲುತ್ತಿತ್ತು. ರೋಗಾಣು ಇಲ್ಲದ ದ್ರವವನ್ನು ಸೇರಿಸಿದ ಭಾಗ ಖಾಲಿಯಾಗಿಯೇ ಇತ್ತು. ಡಿ.ಎನ್. ಚಟರ್ಜಿ ಅವರೊಂದಿಗೆ ಮಾಡಿದ ಈ ಕೆಲಸ 1953ರಲ್ಲಿ ಪ್ರಕಟವಾಯಿತು.

ಮುಂದಿನ ಹೆಜ್ಜೆ ಇನ್ನೂ ಮಹತ್ವದ್ದು. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಉಳಿಯದಂತೆ ಮಾಡಿ, ಬರೀ ಆ ದ್ರವವನ್ನು ಮೊಲದ ಕರುಳಿಗೆ ಸೇರಿಸಿದರು. ಮತ್ತೆ ಕರುಳು ನೀರಿನಿಂದ ತುಂಬಿತು! ಅಂದರೆ ರೋಗ ಉಂಟುಮಾಡುವುದು ರೋಗಾಣು ಹೊರಬಿಡುವ ವಿಷ. ಈ ಪ್ರಬಂಧ 1959ರ ಮೇ 30ರ 'ನೇಚರ್' ಪತ್ರಿಕೆಯಲ್ಲಿ ಅವರೊಬ್ಬರ ಹೆಸರಿನಲ್ಲಿಯೇ ಬಂದಿತು. ಅದೇ ವರ್ಷ ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ಎನ್.ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳ ಮೇಲೆ ಬೇರೊಂದು ವಿಧಾನದಿಂದ ಪ್ರಯೋಗ ನಡೆಸಿ, ಕಾಲರಾ ವಿಷದ ಇರವನ್ನು ತೋರಿಸಿದರು.

ರೋಗ ಪತ್ತೆಯ ವಿಷಯದಲ್ಲಿಯೂ ಕರುಳು ಕಟ್ಟುವ ಈ ವಿಧಾನ ಹೊಸ ದಾರಿ ತೋರಿಸಿತು. ನಮ್ಮ ಕರುಳಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಸದಾ ಇರುತ್ತದೆ. ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಭೇದಿಯಾದವರಿಂದ ಪಡೆದ ಕೆಲವು ಇ. ಕೋಲಿಗಳು ಮೊಲದ ಕರುಳಿನಲ್ಲಿ ಕಾಲರಾದಂತೆಯೇ ನೀರು ತುಂಬಿಸುತ್ತವೆ ಎಂದು ಡೇ ಮತ್ತು ಸಂಗಡಿಗರು 1956ರಲ್ಲಿ ತೋರಿಸಿದರು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಯಾವುದು ಸಾಧು, ಯಾವುದು ವಿಷಕಾರಿ ಎಂಬುದನ್ನು ಬೇರ್ಪಡಿಸಿದ್ದು ಈ ಪರೀಕ್ಷೆ.

ಇನ್ನು ಸಕ್ಕರೆಯ ಪ್ರಶ್ನೆ. ಕಾಲರಾ ರೋಗಾಣು ಕರುಳಿನ ಒಳಪೊರೆಯನ್ನು ತಿಂದುಹಾಕುತ್ತದೆ ಎಂದು ಮೊದಲು ಬಹಳ ಜನ ನಂಬಿದ್ದರು. ಬ್ಯಾಂಕಾಕಿನಲ್ಲಿ ರೋಗಿಗಳ ಕರುಳಿನ ಚೂರುಗಳನ್ನು ತೆಗೆದು ಪರೀಕ್ಷಿಸಿದಾಗ, ಒಳಪೊರೆ ಇಡಿಯಾಗಿಯೇ ಇರುವುದು ಕಂಡಿತು. ವಿಷ ಮಾಡುವುದಿಷ್ಟೇ: ಕರುಳಿನ ಜೀವಕೋಶಗಳು ಉಪ್ಪು, ನೀರುಗಳನ್ನು ಹೊರಗೆ ಸುರಿಯುತ್ತಲೇ ಇರುವಂತೆ ಮಾಡುತ್ತದೆ. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ದೇಹದಿಂದ ಹೋಗಬಹುದು. ಆಗ ಬರೀ ಉಪ್ಪುನೀರು ಕುಡಿಸಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಕರುಳಿನ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಅಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. ಈ ಸಂಗತಿಯನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. ಕಾಲರಾ ವಿಷ ಆ ಬಾಗಿಲನ್ನು ಮುಚ್ಚುವುದಿಲ್ಲ. ಆದ್ದರಿಂದ ಸಕ್ಕರೆ ಬೇಕಾದದ್ದು ಮುಖ್ಯವಾಗಿ ಶಕ್ತಿಗಾಗಿ ಅಲ್ಲ. ಉಪ್ಪನ್ನೂ ನೀರನ್ನೂ ಕೈಹಿಡಿದು ಒಳಗೆ ಕರೆದೊಯ್ಯುವುದಕ್ಕಾಗಿ. ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ, ಅಪ್ಪಾ, ನಿನ್ನ ಪ್ರಶ್ನೆಗೆ ಉತ್ತರ ಇದು. ತಡವಾಯಿತು, ಕ್ಷಮಿಸು.

1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಈ ದ್ರಾವಣವನ್ನು ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ಕೊಟ್ಟು ಯಶಸ್ವಿಯಾದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನೊಬಿಸ್ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡದ ದ್ರಾವಣವನ್ನು ಕುಡಿಸಲು ನಿರ್ಧರಿಸಿದರು. ಶೇಕಡ 30ರಷ್ಟಿದ್ದ ಸಾವು ಶೇಕಡ 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂದಿತು.

ಡೇ ಅವರಿಗೆ ಅಷ್ಟೂ ಸಿಗಲಿಲ್ಲ. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸ 1969ರಲ್ಲಿ ಅಮೆರಿಕದಲ್ಲಿ ಆಯಿತು. 1978ರಲ್ಲಿ ನೊಬೆಲ್ ಪ್ರತಿಷ್ಠಾನ ಕಾಲರಾ ಕುರಿತ ವಿಚಾರ ಸಂಕಿರಣಕ್ಕೆ ಅವರನ್ನು ಕರೆಸಿತು. ತಾನು ವಿಜ್ಞಾನದ ಲೋಕದಲ್ಲಿ ಎಂದೋ ಸತ್ತವನು, ಈ ಸಭೆ ಹೂತವನನ್ನು ಅಗೆದು ತೆಗೆದಿದೆ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ಆ ಪ್ರಶಸ್ತಿಗೆ ಸೂಚಿಸಿದ್ದರು. ಪ್ರಶಸ್ತಿ ಬರಲಿಲ್ಲ. 1985ರ ಏಪ್ರಿಲ್ 15ರಂದು ಡೇ ನಿಧನರಾದರು. ನಾನು ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟದ್ದು ಅದರ ಮರುವರ್ಷ.

ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ 1990ರಲ್ಲಿ ಅವರಿಗಾಗಿ ಒಂದು ವಿಶೇಷ ಸಂಚಿಕೆ ತಂದಿತು. ಕೆಲವು ವರ್ಷಗಳ ನಂತರ, ಶಿಕ್ಷಕರ ತರಬೇತಿಗೆಂದು ಬೆಂಗಳೂರಿಗೆ ಹೋದಾಗ, ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಆ ಹಳೆಯ ಸಂಚಿಕೆ ಕೈಗೆ ಸಿಕ್ಕಿತು. ಮಧ್ಯಾಹ್ನದ ಊಟ ಬಿಟ್ಟು ಓದಿದೆ. 1959 ಎಂಬ ಅಂಕಿ ಕಂಡಾಗ ಮನಸ್ಸಿನಲ್ಲಿ ಒಂದು ಲೆಕ್ಕ ನಡೆದುಹೋಯಿತು. 1966ಕ್ಕೆ ಏಳು ವರ್ಷ ಮೊದಲು. ಔಷಧವಾಗಿ ಪ್ರಯೋಗಿಸಿ ನೋಡಲು ಇನ್ನೂ ಎರಡು ವರ್ಷ ಉಳಿದಿತ್ತು, ನಿಜ. ಆದರೂ ಅಂದು ನಮ್ಮ ಅಡುಗೆಮನೆಯಲ್ಲಿ ಉಪ್ಪಿತ್ತು, ಸಕ್ಕರೆಯಿತ್ತು, ಒಲೆಯ ಮೇಲೆ ಕಾಯಿಸಿದ ನೀರೂ ಇತ್ತು.

ಆದ್ದರಿಂದ ನನ್ನದೊಂದು ಕೋರಿಕೆ. ಒಂದು ಲೀಟರ್ ಶುದ್ಧ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅಳತೆ ತಪ್ಪಬಾರದು. ಪೊಟ್ಟಣ ಸಿಗದಿದ್ದಾಗ ಇದನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಲೇ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ನಿಮ್ಮ ಮಕ್ಕಳು "ಸಕ್ಕರೆ ಏಕೆ?" ಎಂದು ಕೇಳಿದರೆ ಸರಿಯಾದ ಉತ್ತರ ಹೇಳಿರಿ. ಶಂಭುನಾಥ ಡೇ ಎಂಬ ಹೆಸರನ್ನೂ ಹೇಳಿರಿ.

ಮೊಮ್ಮಗ ಈಗ ಹುಷಾರಾಗಿದ್ದಾನೆ.

ಇಂತಿ,
ನಿಮ್ಮ ಮೇಷ್ಟ್ರು