ಒದರೋ ದನಿ, ಎಡವೋ ಸಾಲು: ಥ್ರ್ಯಾಶ್ ಮೆಟಲ್‌ನಿಂದ ಗೀಗೀ ಪದದವರೆಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಕೇಳ್ತಿರೋ ದೋಸ್ತರೇ, ಇವತ್ತಿನ ಸಂಚಿಕೆ ಥ್ರ್ಯಾಶ್ ಮೆಟಲ್ ಬಗ್ಗೆ. ಆದರೆ ಗಿಟಾರ್ ಬಗ್ಗೆ ಅಲ್ಲ, ಡ್ರಮ್ಸ್ ಬಗ್ಗೆನೂ ಅಲ್ಲ. ನೀವು ಇಂಥ ಹಾಡು ಹಾಕಿದಾಗ ಮನೆಯವರು ಕೇಳ್ತಾರಲ್ಲ, "ಇಂವ ಯಾಕ ಹಿಂಗ ಒದರಾಕತ್ತಾನ? ಏನ್ ಹೇಳಾಕತ್ತಾನಂತ ನಿನಗರ ತಿಳೀತದೇನು?" ಅಂತ, ಆ ಪ್ರಶ್ನೆ ಬಗ್ಗೆ.

ಪ್ರಶ್ನೆ ತಪ್ಪೇನಲ್ಲ. ಥ್ರ್ಯಾಶ್ ಹಾಡುಗಳಲ್ಲಿ ಸಾಲುಗಳು ಎಡವುತ್ತವೆ, ತಾಳದೊಳಗೆ ಹಿಡಿಸದಷ್ಟು ಪದ ತುರುಕಿರ್ತಾರೆ, ಎಲ್ಲೋ ಒತ್ತು ಕೊಡಬೇಕಾದದ್ದು ಇನ್ನೆಲ್ಲೋ ಬೀಳುತ್ತೆ. ಹೀಗ್ಯಾಕೆ ಆಯ್ತು ಅನ್ನೋದಕ್ಕೆ ಒಂದು ಇತಿಹಾಸ ಇದೆ.

ಥ್ರ್ಯಾಶ್ ಹುಟ್ಟಿದ್ದು 1980ರ ದಶಕದ ಶುರುವಿನಲ್ಲಿ, ಹೆಚ್ಚಾಗಿ ಅಮೆರಿಕದಲ್ಲಿ. ಬ್ರಿಟಿಷ್ ಹೆವಿ ಮೆಟಲ್‌ನ ಗಿಟಾರಿಗೆ ಪಂಕ್‌ನ ವೇಗ ಸೇರಿಸಿದ್ದು ಇಪ್ಪತ್ತರ ಆಸುಪಾಸಿನ ಹುಡುಗರು. ಮೆಟಾಲಿಕಾದ ಮೊದಲ ಆಲ್ಬಂ 'ಕಿಲ್ ಎಮ್ ಆಲ್' ಬಂದಿದ್ದು 1983ರ ಜುಲೈನಲ್ಲಿ. ಹಾಡಿದ ಜೇಮ್ಸ್ ಹೆಟ್‌ಫೀಲ್ಡ್‌ಗೆ ಆಗಿನ್ನೂ 20 ತುಂಬಿರಲಿಲ್ಲ. ಆತನ ದನಿ ಬಗ್ಗೆ ಬ್ಯಾಂಡಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಆರ್ಮರ್ಡ್ ಸೇಂಟ್ ಬ್ಯಾಂಡಿನ ಜಾನ್ ಬುಶ್‌ನನ್ನು ಹಾಡೋಕೆ ಕರೆದಿದ್ದರು, ಆತ ಒಲ್ಲೆ ಅಂದ. ಮೆಗಾಡೆತ್‌ನ ಡೇವ್ ಮಸ್ಟೇನ್ ಕಥೆಯೂ ಅಷ್ಟೇ. ಸರಿಯಾದ ಗಾಯಕ ಸಿಗಲಿಲ್ಲ, ಕೊನೆಗೆ ತಾನೇ ಮೈಕ್ ಹಿಡಿದ.

ಅಂದ್ರೆ ಈ ಶೈಲಿಯ ದೊಡ್ಡ ದನಿಗಳಲ್ಲಿ ಕೆಲವು ಗಾಯಕರದ್ದಲ್ಲ, ಕೈಯಲ್ಲಿ ಗಿಟಾರ್ ಇದ್ದವರದ್ದು. ಬೆರಳು ಅಷ್ಟು ಜೋರಾಗಿ ಓಡ್ತಿರುವಾಗ ಬಾಯಿ ರಾಗ ಎಳೆಯೋದು ಕಷ್ಟ. ಹಾಗಾಗಿ ದನಿ ಇನ್ನೊಂದು ಡ್ರಮ್ ಆಯ್ತು. ಸ್ಲೇಯರ್‌ನ 'ರೇನ್ ಇನ್ ಬ್ಲಡ್' (1986) ಕೇಳಿ. 10 ಹಾಡು, ಎಲ್ಲಾ ಸೇರಿ ಅರ್ಧ ಗಂಟೆಯೂ ಇಲ್ಲ. ಟಾಮ್ ಅರಾಯಾ ಬೇಸ್ ನುಡಿಸ್ತಾ, ಬಹುಪಾಲು ಬ್ಯಾಂಡಿನ ಗಿಟಾರಿಸ್ಟ್‌ಗಳು ಬರೆದ ಸಾಲುಗಳನ್ನ ಉಸಿರು ಬಿಡದೆ ಹೇಳ್ತಾನೆ.

ಇಂಗ್ಲಿಷ್ ಮನೆಮಾತಾಗಿದ್ದವರ ಕಥೆಯೇ ಹೀಗೆ. ಅಲ್ಲದವರು? ಜರ್ಮನಿಯ ರೂರ್ ಅನ್ನೋ ಕಲ್ಲಿದ್ದಲು ಪ್ರದೇಶದಿಂದ ಕ್ರಿಯೇಟರ್, ಸೋಡಮ್ ಬಂದವು. ಬ್ರೆಜಿಲ್‌ನ ಬೆಲೊ ಹೊರಿಜಾಂಚಿಯಲ್ಲಿ 1984ರಲ್ಲಿ ಸೆಪುಲ್ಚುರಾ ಶುರುವಾಯ್ತು. ಈ ಹುಡುಗರ ಇಂಗ್ಲಿಷ್ ಹರಕು ಮುರುಕು. ಸೆಪುಲ್ಚುರಾದ 1985-86ರ ರೆಕಾರ್ಡ್‌ಗಳಲ್ಲಿ ಅದು ಎದ್ದು ಕಾಣುತ್ತೆ: ಸೈತಾನ, ಸಾವು, ನರಕ ಅಂತ ಬೇರೆ ಬ್ಯಾಂಡ್‌ಗಳಿಂದ ಕಲಿತ ಪದಗಳನ್ನ ಇಟ್ಟಿಗೆ ಥರ ಒಂದರ ಮೇಲೊಂದು ಇಟ್ಟಂಗಿದೆ. ಆದ್ರೆ ಅದೇ ಬ್ಯಾಂಡ್ ಹತ್ತು ವರ್ಷ ಆದ್ಮೇಲೆ, 1996ರಲ್ಲಿ, 'ರೂಟ್ಸ್' ಮಾಡ್ತು. ಶವಾಂಟೆ ಬುಡಕಟ್ಟಿನ ಜನರ ಜೊತೆ ಕೂತು ರೆಕಾರ್ಡ್ ಮಾಡಿದ್ರು, ಒಂದು ಹಾಡನ್ನ ಪೋರ್ಚುಗೀಸಿನಲ್ಲೇ ಹಾಡಿದ್ರು. ದನಿ ಆಗಲೂ ಒರಟೇ. ಆದ್ರೆ ಎಡವಿದಂಗೆ ಕೇಳಿಸಲ್ಲ. ಯಾಕಂದ್ರೆ ಈಗ ಅವರಿಗೆ ಹೇಳೋಕೆ ತಮ್ಮದೇ ಮಾತಿತ್ತು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸ್ತು. ಅದಕ್ಕೂ ಬಹಳ ಮೊದಲೇ, 1998ರಲ್ಲೇ, ಅಲ್ಲಿ ಕ್ರಿಪ್ಟೋಸ್ ಇತ್ತು. ಆಮೇಲೆ ಬೇವಾರ್ ಸೀ ಅಂತ ಇನ್ನೊಂದು ಬ್ಯಾಂಡ್ ಬಂತು. ಹೆಸರನ್ನ ಜೋರಾಗಿ ಓದಿ, ಅದು ನಮ್ಮದೇ ಬೈಗುಳ! ಹೆಸರು ಕನ್ನಡದ್ದು, ಹಾಡು ಮಾತ್ರ ಇಂಗ್ಲಿಷಿನದ್ದು. ಕನ್ನಡದಲ್ಲಿ ಯಾಕೆ ಇಲ್ಲ ಅಂತ ಕೇಳಿದ್ರೆ ಸಿಗೋ ಉತ್ತರ ಒಂದೇ: "ಕನ್ನಡ ಮೆಟಲ್‌ಗೆ ಒಗ್ಗಲ್ಲ, ವಿಚಿತ್ರ ಕೇಳುತ್ತೆ."

ನಾ ಬಿ.ಕಾಂ ಓದಿದಾಂವ, ಲೆಕ್ಕ ಹಾಕಿ ನೋಡೋಣ. "ನಾನು ಹೋಗುತ್ತಿದ್ದೇನೆ" ಅನ್ನೋದ್ರಲ್ಲಿ 7 ಅಕ್ಷರ. ಪುಸ್ತಕದ ಕನ್ನಡದಲ್ಲಿ ಪದಗಳು ಉದ್ದ, ಎಲ್ಲವೂ ಸ್ವರದಲ್ಲಿ ಮುಗಿಯುತ್ತವೆ. ತಾಳ ಕತ್ತರಿಸೋ ಕಡೆ ಪದ ಇನ್ನೂ ಎಳೀತಿರುತ್ತೆ. ಒಪ್ಪೋಣ, ಅದು ಒಗ್ಗಲ್ಲ. ಈಗ ನಮ್ಮ ಕಡೆ ಮಾತು ತಗೊಳ್ರಿ. "ಹೊಂಟೀನಿ." 3 ಅಕ್ಷರ, ಕೆಲಸ ಮುಗೀತು. "ಏನು ಮಾಡಬೇಕು" 6 ಆದ್ರೆ, "ಏನ್ ಮಾಡ್ಬೇಕ್" ಮೂರೇ ಏಟು, ಮೂರೂ ವ್ಯಂಜನದ ಮೇಲೆ ಟಕ್ ಅಂತ ನಿಲ್ತಾವು. ಬೇರೆ ಊರಲ್ಲಿ ನಗೋ ನಮ್ಮ ಗಡಸು ಮಾತೇ ಈ ತಾಳಕ್ಕೆ ಹೇಳಿ ಮಾಡಿಸಿದಂಗಿದೆ.

ಒದರೋದು ನಮಗೆ ಹೊಸದೂ ಅಲ್ಲ. ಗೀಗೀ ಮೇಳ ನೆನಪು ಮಾಡ್ಕೊಳ್ರಿ. ಲಾವಣಿಯಿಂದ ಬೆಳೆದ ಕಲೆ ಅದು. ದಪ್ಪು, ತುಂತುಣಿ, ತಾಳ. ಮುಂದಿನವ ಏರುದನಿಯಲ್ಲಿ ಕಥೆ ಓಡಿಸ್ತಾನೆ, ಹಿಂದಿನವರು ಸಾಲಿನ ತುದಿ ಹಿಡಿದು 'ಗೀ' ಅಂತ ಎತ್ತುತ್ತಾರೆ. ಥ್ರ್ಯಾಶ್‌ನಲ್ಲಿ ಎಕ್ಸೋಡಸ್, ಆಂಥ್ರಾಕ್ಸ್ ಥರದ ಬ್ಯಾಂಡ್‌ಗಳು ಗುಂಪಾಗಿ ಕೂಗ್ತಾರಲ್ಲ, ಕೆಲಸ ಅದೇ. ಹರದೇಶಿ-ನಾಗೇಶಿ ವಾದದಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯಿಡೀ ಸವಾಲು ಜವಾಬು ನಡೆಯುತ್ತೆ. ಅಲ್ಲಿ ಇಂಪಿಗಿಂತ ಮೊದಲು ಬೇಕಾದದ್ದು ದಮ್ಮು, ಥಟ್ಟನೆ ಮಾತು.

ವಿಷಯಾನೂ ನೋಡ್ರಿ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯ ಇದೆ, ಹಲಗಲಿ ಬೇಡರ ದಂಗೆ ಇದೆ, ಇನ್‌ಕಮ್ ಟ್ಯಾಕ್ಸ್ ಮೇಲೂ ಒಂದು ಲಾವಣಿ ಇದೆ! ಯುದ್ಧ, ಸಾವು, ಸರ್ಕಾರದ ಮೇಲಿನ ಸಿಟ್ಟು. ಥ್ರ್ಯಾಶ್ ಬ್ಯಾಂಡ್‌ಗಳು ನೂರು ವರ್ಷ ಆದ್ಮೇಲೆ ಹಾಡಿದ್ದೂ ಬಹುತೇಕ ಇದನ್ನೇ.

ಹಂಗಂತ ಕೆಟ್ಟ ಸಾಲಿಗೆಲ್ಲಾ ಮಾಫಿ ಇಲ್ಲ. ಎಡವೋದ್ರಲ್ಲಿ ಎರಡು ಥರ. ಹೇಳೋದು ಏನೂ ಇಲ್ಲದೆ ಬೇರೆಯವರ ಸೈತಾನನ್ನ ಕಾಪಿ ಹೊಡೆದು ಎಡವೋದು ಒಂದು. ಹೇಳೋದು ಬಹಳ ಇದ್ದು, ತಾಳ ಸಾಲದೆ ಎಡವೋದು ಇನ್ನೊಂದು. ಎರಡನೇದನ್ನ ಕೇಳುಗ ಕ್ಷಮಿಸ್ತಾನೆ, ಕೊನೆಗೆ ಪ್ರೀತಿನೂ ಮಾಡ್ತಾನೆ. ಹೆಟ್‌ಫೀಲ್ಡ್‌ನ ಆ ತೆಳ್ಳನೆ ದನಿಯನ್ನ ಜನ ಇವತ್ತಿಗೂ ಹುಡುಕಿ ಕೇಳ್ತಾರೆ.

ನಮ್ಮ ಐದೂ ತಾಲೂಕಿನವರಿಗೆ ಇದು ಬರೀ ಸಂಗೀತದ ಮಾತಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದ್ರು, 1967ರಲ್ಲಿ ಮಹಾಜನ ಆಯೋಗ ನಿಪ್ಪಾಣಿಯನ್ನ ಮಹಾರಾಷ್ಟ್ರಕ್ಕೆ ಕೊಡಿ ಅಂದ್ರೂ ಅದು ಇಲ್ಲೇ ಉಳೀತು, 2004ರಿಂದ ಕೇಸು ಸುಪ್ರೀಂ ಕೋರ್ಟಿನಲ್ಲಿದೆ. ಇದರ ನಡುವೆ ಬೆಳೆದ ನಮ್ಮ ಮಾತಿಗೆ ಬೆಂಗಳೂರಲ್ಲಿ "ಮರಾಠಿ ಥರ" ಅಂತಾರೆ, ಕೊಲ್ಹಾಪುರದಲ್ಲಿ "ಕಾನಡಿ" ಅಂತಾರೆ. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರಿ ಹೆಸರಲ್ಲಿ ಮಾರಾಟ ಆದಂಗೆ, ನಾವೂ ಸ್ಟೇಜ್ ಹತ್ತಿದ ಕೂಡ್ಲೇ ನಾಲಿಗೆಗೆ ಬೇರೆ ಊರಿನ ಲೇಬಲ್ ಅಂಟಿಸ್ಕೋತೀವಿ.

ನೀವು ಡಿಗ್ರಿ ಓದ್ತಾ ಸಂಜೆ ಗಿಟಾರ್ ಹಿಡಿಯೋರಾಗಿದ್ರೆ ಒಂದು ಪ್ರಯೋಗ ಮಾಡ್ರಿ. ಊರ ಜಾತ್ರೆಯಲ್ಲಿ ಒಂದು ಗೀಗೀ ಮೇಳ ಪೂರ್ತಿ ಕೇಳ್ರಿ, ಮುಂದಿನವ ಉಸಿರು ಎಲ್ಲಿ ತಗೋತಾನೆ ಅಂತ ಎಣಿಸ್ರಿ. ಆಮೇಲೆ ಕಬ್ಬಿನ ಬಿಲ್ಲು ಬಾಕಿ ಇರೋದ್ರ ಮೇಲೋ, ಕೃಷ್ಣೆ ಹೊಲಕ್ಕೆ ನುಗ್ಗಿದ್ರ ಮೇಲೋ, ಮನೆಯಲ್ಲಿ ಆಡೋ ಮಾತಲ್ಲೇ ನಾಲ್ಕು ಸಾಲು ಬರೀರಿ. ಎಡವಿದ್ರೆ ಎಡವಲಿ. ರೆಕಾರ್ಡ್ ಆದ್ರೆ ನನಗೊಂದು ಲಿಂಕ್ ಕಳಿಸ್ರಿ, ಈ ಪಾಡ್‌ಕಾಸ್ಟಿನಲ್ಲೇ ಹಾಕೋಣ. ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ.