ಇಂಗಾಲದ ಎಳೆಯ ಪುನರುಪಯೋಗದ ಚರಿತ್ರೆ

ವಸ್ತುಗಳ ಚರಿತ್ರೆಯನ್ನು ಬರೆಯುವವರು ಅವುಗಳ ಹುಟ್ಟು ಬೆಳವಣಿಗೆಗಳನ್ನು ವಿಸ್ತಾರವಾಗಿ ಹೇಳಿ, ಬಳಸಿ ಬಿಟ್ಟ ಮೇಲೆ ಅವುಗಳ ಗತಿಯೇನಾಯಿತೆಂಬುದನ್ನು ವಿಚಾರಿಸದಿರುವುದುಂಟು. ಕಾರ್ಬನ್ ಫೈಬರ್ ಎಂದು ಪ್ರಸಿದ್ಧವಾದ ಇಂಗಾಲದ ಎಳೆಯ ವಿಷಯದಲ್ಲಿ ಈ ಎರಡನೆಯ ಭಾಗವೇ ಹೆಚ್ಚು ವಿಚಾರಾರ್ಹವಾಗಿದೆ.

1879ರಲ್ಲಿ ಎಡಿಸನ್ ಹತ್ತಿಯ ನೂಲನ್ನು ಇಂಗಾಲವಾಗಿಸಿ ವಿದ್ಯುದ್ದೀಪದಲ್ಲಿ ಬಳಸಿದನು. ಆ ಎಳೆ ಬೆಳಕನ್ನು ಕೊಟ್ಟಿತೇ ಹೊರತು ಭಾರವನ್ನು ಹೊರಲಾರದಾಗಿತ್ತು. ಅಪೂರ್ವ ಬಲವುಳ್ಳ ಎಳೆಯನ್ನು 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಕಂಡನು. ಬಳಿಕ ಜಪಾನಿನ ಅಕಿಯೊ ಶಿಂಡೊ ಪಾಲಿಯಾಕ್ರಿಲೊನೈಟ್ರೈಲ್ ಎಂಬ ಕೃತಕ ನೂಲಿನಿಂದ ಅದನ್ನು ಪಡೆಯುವ ಮಾರ್ಗವನ್ನು ತೋರಿಸಿದನು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಜ್ಞಾನಿಗಳು, ಕಾಯಿಸುವಾಗ ನೂಲು ಕುಗ್ಗದಂತೆ ಬಿಗಿಹಿಡಿದು ಅದರ ಬಲವನ್ನು ಹೆಚ್ಚಿಸಿದರು. 2009ರಲ್ಲಿ ಮೊದಲು ಹಾರಿದ ಬೋಯಿಂಗ್ 787 ವಿಮಾನದ ರಚನೆಯಲ್ಲಿ, ತೂಕದ ಅರ್ಧದಷ್ಟು ಭಾಗ ಎಳೆ ಮತ್ತು ರಾಳಗಳ ಸಂಯೋಜಿತ ವಸ್ತುವೇ ಆಯಿತು.

ತೊಡಕು ಹುಟ್ಟಿದುದು ಈ ರಾಳದಿಂದ. ಲೋಹವನ್ನು ಕರಗಿಸಿ ಮತ್ತೆ ಎರಕಹೊಯ್ಯಬಹುದು. ಎಳೆಗಳನ್ನು ಬಂಧಿಸುವ ಎಪಾಕ್ಸಿ ರಾಳವಾದರೋ ಒಮ್ಮೆ ಗಟ್ಟಿಯಾದ ಮೇಲೆ ಕರಗದು. ಆದುದರಿಂದ ಕಾರ್ಖಾನೆಯಲ್ಲಿ ಮಿಕ್ಕ ತುಂಡುಗಳೂ ಸವೆದ ಭಾಗಗಳೂ ಬಹುಮಟ್ಟಿಗೆ ಮಣ್ಣುಪಾಲಾದುವು. 2000ದಲ್ಲಿ ಐರೋಪ್ಯ ಒಕ್ಕೂಟವು, ಹಳೆಯ ಮೋಟಾರು ವಾಹನಗಳ ತೂಕದಲ್ಲಿ ನೂರಕ್ಕೆ 95 ಪಾಲು 2015ರೊಳಗೆ ಯಾವುದಾದರೊಂದು ಉಪಯೋಗಕ್ಕೆ ಬರಬೇಕೆಂದು ವಿಧಿಸಿದ ಮೇಲೆ ಈ ಪ್ರಶ್ನೆ ತೀವ್ರವಾಯಿತು.

ಇದಕ್ಕೆ ದೊರೆತ ಮುಖ್ಯ ಉಪಾಯ ಪೈರಾಲಿಸಿಸ್. ಗಾಳಿಯಿಲ್ಲದ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ರಾಳವು ಬಹುಪಾಲು ಆವಿಯಾಗುತ್ತದೆ, ಎಳೆ ಉಳಿಯುತ್ತದೆ. ಅಂಟಿಕೊಂಡ ಮಸಿಯನ್ನು ಮಿತವಾದ ಗಾಳಿಯಲ್ಲಿ ಸುಡುವರು. ಮಿತಿಮೀರಿದರೆ ಎಳೆಯೇ ಬೆಂದು ದುರ್ಬಲವಾಗುವುದು. ಹೊಸ ಎಳೆಯ ತಯಾರಿಕೆಗೆ ತಗಲುವ ಶಕ್ತಿಯಲ್ಲಿ ಅಲ್ಪಭಾಗ ಮಾತ್ರವೇ ಇದಕ್ಕೆ ಸಾಕು.

ಹೀಗೆ ಪಡೆದ ಎಳೆಯ ಬಲ ಬಹುಮಟ್ಟಿಗೆ ಉಳಿದಿರುತ್ತದೆ. ಹೋಗುವುದು ಅದರ ನೀಳವೂ ಕ್ರಮವೂ. ತುಂಡಾಗಿ, ಕೆದರಿದ ಹತ್ತಿಯಂತೆ ಗೋಜಲಾಗಿ ಬರುವ ಅದನ್ನು ಹಾಗೆಯೇ ಹಾಸಿ ರಾಳವನ್ನು ತುಂಬಿದರೆ ವಿಮಾನದ ರೆಕ್ಕೆಗೆ ಒದಗದ ಕೆಳದರ್ಜೆಯ ಹಲಗೆಯಾಗುತ್ತದೆ. ಆದಕಾರಣ ಪುನರುಪಯೋಗದ ಮರ್ಮವು ಎಳೆಯನ್ನು ಬಿಡಿಸುವುದರಲ್ಲಿ ಮಾತ್ರವಲ್ಲ, ಮತ್ತೆ ಸಾಲುಗೂಡಿಸುವುದರಲ್ಲಿಯೂ ಇದೆ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದ ವಿಧಾನವು ಇದನ್ನೇ ಸಾಧಿಸಹೊರಟಿತು: ಕೆಲವೇ ಮಿಲಿಮೀಟರು ಉದ್ದದ ಎಳೆಗಳನ್ನು ನೀರಿನಲ್ಲಿ ಕದಡಿ, ಆ ನೀರನ್ನು ಕಿರಿದಾದ ಫಲಕಗಳ ನಡುವೆ ಚಿಮ್ಮಿಸಿ, ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗುವಂತೆ ಮಾಡುವುದು.

ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನದ ಒಡಲಿನಲ್ಲಿಯೂ ಈ ಎಳೆಯಿದೆ. ಅದಕ್ಕೂ ಮುಪ್ಪು ತಪ್ಪದು. ಎಳೆಯನ್ನು ಮಾಡಬಲ್ಲ ವಿದ್ಯೆಯ ಪೂರ್ಣತೆಯನ್ನು ಅದನ್ನು ಮರಳಿ ಪಡೆಯಬಲ್ಲ ವಿದ್ಯೆಯಿಂದಲೇ ಅಳೆಯಬೇಕೆಂಬುದು ಈ ಚರಿತ್ರೆಯಿಂದ ಸಿದ್ಧವಾಗುತ್ತದೆ.