ಬಿಯರ್ ಕೊಟ್ಟ ಗ್ಯಾಸು, ಸೋಡಾ ಕೊಟ್ಟ ಲೆಕ್ಕ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಅದನ್ನು ಸ್ಟೀಲಿನ ಕೆಗ್ಗಿಗೆ ತುಂಬಿ, ಇಂಗಾಲದ ಡೈಆಕ್ಸೈಡ್ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಚದರ ಅಂಗುಲಕ್ಕೆ 12 ಪೌಂಡಿನ ಆಸುಪಾಸಿಗೆ ತಿರುಗಿಸಿ ಫ್ರಿಜ್ಜಿನ ಬಾಗಿಲು ಹಾಕುತ್ತಾರೆ. ಈ ಲೆಕ್ಕ ಬಿಯರಿನವರು ಸೋಡಾದವರಿಂದ ಪಡೆದದ್ದು ಎನ್ನುವುದು ನನ್ನ ವಾದ. ಹಾಗೆ ನೋಡಿದರೆ ಸೋಡಾ ಹುಟ್ಟಿದ್ದೇ ಬಿಯರಿನ ತೊಟ್ಟಿಯ ಮೇಲೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಿಯರ್ ಕಾರ್ಖಾನೆಯ ಪಕ್ಕದಲ್ಲಿದ್ದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ, ಹುದುಗುತ್ತಿದ್ದ ತೊಟ್ಟಿಯ ಮೇಲೆ ಎರಡು ಪಾತ್ರೆ ಹಿಡಿದು, ನಮ್ಮಲ್ಲಿ ಕಾಫಿ ಆರಿಸುವ ಹಾಗೆ ನೀರನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿದ. ನೀರು ನಾಲಿಗೆಗೆ ಚುರುಗುಟ್ಟಿತು. ಮುಂದೆ ಮ್ಯಾಂಚೆಸ್ಟರಿನಲ್ಲಿ ಕೃತಕ ಖನಿಜ ನೀರು ಮಾರುತ್ತಿದ್ದ ಥಾಮಸ್ ಹೆನ್ರಿಯ ಮಗ ವಿಲಿಯಂ, 1803ರಲ್ಲಿ ನಿಯಮವನ್ನೇ ಪ್ರಕಟಿಸಿದ: ಉಷ್ಣತೆ ಬದಲಾಗದಿದ್ದರೆ, ಒತ್ತಡ ಎಷ್ಟು ಪಟ್ಟೋ ಕರಗುವ ಅನಿಲವೂ ಅಷ್ಟು ಪಟ್ಟು. ಬಿಯರಿನೊಳಗೆ ಅದರ ಗಾತ್ರದ ಎರಡೂವರೆ ಪಟ್ಟು ಗ್ಯಾಸು ಕರಗಿಸಲು 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 12 ಪೌಂಡ್ ಸಾಕು, 13 ಡಿಗ್ರಿಯಲ್ಲಾದರೆ 20ರ ಹತ್ತಿರ ಬೇಕು.

ಜರ್ಮನ್ನರಿಗೆ ಸೋಡಾದ ಹಂಗೇ ಇರಲಿಲ್ಲವಲ್ಲ ಎನ್ನಬಹುದು. ನಿಜ, ಹುದುಗು ಪೂರ್ತಿಯಾಗುವ ಮೊದಲೇ ಪೀಪಾಯಿಗೆ ಬಿರಡೆ ಜಡಿದು, ಯೀಸ್ಟ್ ಬಿಟ್ಟ ಗ್ಯಾಸನ್ನೇ ಅವರು ಹಿಡಿದಿಡುತ್ತಿದ್ದರು. ಆದರೆ ಯೀಸ್ಟ್ ಕೊಟ್ಟದ್ದನ್ನು ಕಾಪಾಡುವುದು ಬೇರೆ, ಒತ್ತಡ, ಉಷ್ಣತೆಗಳ ಕೋಷ್ಟಕ ನೋಡಿ ಬೇಕಾದಷ್ಟನ್ನೇ ಹೊರಗಿನಿಂದ ತುಂಬುವುದು ಬೇರೆ. ಮನೆಯಲ್ಲಿ ಬಿಯರ್ ಮಾಡುವವರ ಪಾತ್ರೆಯಂತೂ ಸೋಡಾದ್ದೇ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆ ಮನೆ ಬಿಯರಿಗೆ ದಾರಿ ಬಿಟ್ಟಿತು. ಅತ್ತ ತಂಪು ಪಾನೀಯದವರು ಸಿರಪ್ಪನ್ನು ರಟ್ಟಿನ ಪೆಟ್ಟಿಯೊಳಗಿನ ಚೀಲಕ್ಕೆ ಬದಲಾಯಿಸಿದಾಗ, ಅದುವರೆಗೆ ಸಿರಪ್ ತುಂಬುತ್ತಿದ್ದ 19 ಲೀಟರಿನ ಕಾರ್ನೀಲಿಯಸ್ ಕೆಗ್ಗುಗಳು ಗುಜರಿ ಬೆಲೆಗೆ ಬಂದವು. ಎಷ್ಟು ತೊಳೆದರೂ ಅವುಗಳ ರಬ್ಬರ್ ವಾಷರಿನಿಂದ ರೂಟ್ ಬಿಯರ್ ಎಂಬ ಸಿಹಿ ಸೋಡಾದ ವಾಸನೆ ಹೋಗದು. ಹಳೆಯ ಕೆಗ್ ಕೊಂಡವರು ಮೊದಲು ಬದಲಿಸುವುದು ವಾಷರನ್ನೇ.

ಸಾಂಪ್ರದಾಯಿಕ ಏಲ್ ಬಿಯರಿನ ಪರವಾಗಿ 1971ರಲ್ಲಿ ಹುಟ್ಟಿದ ಬ್ರಿಟನ್ನಿನ ಕ್ಯಾಮ್ರಾ ಸಂಘದ ಆಕ್ಷೇಪ ಜರ್ಮನ್ನರ ಉದಾಹರಣೆಗಿಂತ ತೂಕದ್ದು: ಸಿಲಿಂಡರಿನ ಗ್ಯಾಸು ತುಂಬಿದ್ದು ಅಸಲಿ ಏಲ್ ಅಲ್ಲ. ಗ್ಯಾಸು ಯೀಸ್ಟಿನದೋ ಸಿಲಿಂಡರಿನದೋ ಎಂದು ಹೆನ್ರಿಯ ನಿಯಮ ಕೇಳುವುದಿಲ್ಲ, ನಾಲಿಗೆಗೂ ತಿಳಿಯದು. ಆದರೂ ಅವರ ಸಿಟ್ಟಿಗೆ ಆಧಾರವಿತ್ತು. ಸೋಸಿ, ತೀರಾ ತಣ್ಣಗೆ ಮಾಡಿ, ಗ್ಯಾಸು ತುರುಕಿದ ಕೆಗ್ ಬಿಯರ್ ಸೋಡಾದಂತೆಯೇ ಇತ್ತು. ನನ್ನ ಮಟ್ಟಿಗೆ ತಪ್ಪು ಸಿಲಿಂಡರಿನದಲ್ಲ, ಅದರ ಕಿವಿ ಹಿಂಡಿದ ಕೈಯದು. ಇಂಗ್ಲಿಷ್ ನೆಲಮಾಳಿಗೆಯ 12 ಡಿಗ್ರಿಯಲ್ಲಿ ಬಿಟರ್ ಎಂಬ ಹಳೆಯ ಏಲ್ ಉಳಿಸಿಕೊಳ್ಳುತ್ತಿದ್ದ ಗ್ಯಾಸು ತನ್ನ ಗಾತ್ರದಷ್ಟೇ, ಇಲ್ಲವೇ ಕೊಂಚ ಹೆಚ್ಚು. ಕೆಗ್ಗಿನಲ್ಲಿ ಅದೇ ಬೇಕೆಂದರೆ ಗೇಜಿನ ಮುಳ್ಳು ಸೊನ್ನೆ ಬಿಟ್ಟು ಹೆಚ್ಚು ಕದಲಬಾರದು.